ವೆಬ್ ಚಿತ್ರಗಳಲ್ಲಿ ನಕ್ಷತ್ರ ಒಂದೇ ಪಿಕ್ಸೆಲ್‌ನಲ್ಲಿ ಯಾಕೆ ಕೂರುವುದಿಲ್ಲ?

ಚುಕ್ಕಿಬೆಳಕು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಜೇಮ್ಸ್ ವೆಬ್ ಟೆಲಿಸ್ಕೋಪಿನ ಫೈಲುಗಳನ್ನು ಒಂದು ವಾರದಿಂದ ಇಳಿಸಿಕೊಂಡು ನೋಡುತ್ತಿದ್ದೇನೆ. ಬಣ್ಣ ಹಚ್ಚಿದ ಚಿತ್ರಗಳಲ್ಲ, ನಿಯರ್‌ಕ್ಯಾಮ್ ಕ್ಯಾಮೆರಾದ ಕಪ್ಪು ಬಿಳುಪು ಫಿಟ್ಸ್ ಫೈಲುಗಳು, ಅಂದರೆ ಪ್ರತಿ ಪಿಕ್ಸೆಲ್‌ನ ಬೆಳಕಿನ ಸಂಖ್ಯೆ ಇರುವ ಫೈಲುಗಳು. ಜೂಮ್ ಮಾಡಿ ಒಂದೊಂದೇ ನಕ್ಷತ್ರದ ಹತ್ತಿರ ಹೋದಾಗ ಕೆಲವು ವಿಷಯ ತಲೆಗೆ ಹತ್ತಲಿಲ್ಲ.

ನಕ್ಷತ್ರಗಳು ಅಷ್ಟು ದೂರ ಇವೆ ಅಂದ ಮೇಲೆ ಅವು ಬರೀ ಬಿಂದುಗಳು. ಒಂದೊಂದೂ ಒಂದೇ ಪಿಕ್ಸೆಲ್‌ನಲ್ಲಿ ಮುಗಿಯಬೇಕಿತ್ತು, ಅಲ್ವಾ? ಆದರೆ ತೀರಾ ಮಂಕಾದ ನಕ್ಷತ್ರವೂ ಮೂರು ನಾಲ್ಕು ಪಿಕ್ಸೆಲ್ ಅಗಲಕ್ಕೆ ಹರಡಿಕೊಂಡಿದೆ. ಚೆನ್ನಾಗಿ ಹೊಳೆಯುವುದು ನೂರಾರು ಪಿಕ್ಸೆಲ್ ದಾಟಿ ಮುಳ್ಳು ಚಾಚಿದೆ. ದೊಡ್ಡದಾಗಿ ಕಾಣುವ ನಕ್ಷತ್ರ ನಿಜಕ್ಕೂ ದೊಡ್ಡದಾ? ಇನ್ನೊಂದು, ಅದೇ ನಕ್ಷತ್ರ 2 ಮೈಕ್ರಾನ್ ಫಿಲ್ಟರಿನಲ್ಲಿ ಸಣ್ಣಗೆ, 4.4 ಮೈಕ್ರಾನ್ ಫಿಲ್ಟರಿನಲ್ಲಿ ದಪ್ಪಗೆ ಕಾಣುತ್ತದೆ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ, ಬೆಳಕಿನ ಅಲೆಯುದ್ದದ ಅಳತೆ). ಎಲ್ಲಕ್ಕಿಂತ ವಿಚಿತ್ರ ಅಂದರೆ ತುಂಬಾ ಹೊಳೆಯುವ ನಕ್ಷತ್ರದ ನಟ್ಟನಡುವೆ, ಬೆಳಕು ಅತಿ ಜಾಸ್ತಿ ಇರಬೇಕಾದ ಜಾಗದಲ್ಲೇ, ಒಂದು ಕಪ್ಪು ತೂತು. ಫೈಲು ಹಾಳಾಗಿದೆಯೇನೋ ಅಂತ ಮತ್ತೆರಡು ಸಲ ಇಳಿಸಿದೆ. ಹಾಗೇ ಇದೆ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಇರುಳುನೋಟ ಬರೆದದ್ದು:

ತೂತಿನ ವಿಷಯವನ್ನು ಡಿಟೆಕ್ಟರ್, ಅಂದರೆ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಚಿಪ್ಪು, ಬಲ್ಲವರು ಹೇಳಲಿ, ಮೊದಲಿನ ಎರಡಕ್ಕೆ ನಾನು ಉತ್ತರ ಕೊಡುತ್ತೇನೆ. ಚಿತ್ರದಲ್ಲಿ ನಿಮಗೆ ಕಾಣುತ್ತಿರುವ ಆಕಾರ ಟೆಲಿಸ್ಕೋಪಿನದು. ನಕ್ಷತ್ರದ ಆಕಾರ ಅದರಲ್ಲಿ ಇಲ್ಲವೇ ಇಲ್ಲ.

ಲೆಕ್ಕ ನೋಡಿ. ಸೂರ್ಯನಷ್ಟೇ ಗಾತ್ರದ ನಕ್ಷತ್ರ 33 ಜ್ಯೋತಿರ್ವರ್ಷ ದೂರದಲ್ಲಿದ್ದರೆ ಆಕಾಶದಲ್ಲಿ ಅದರ ಅಗಲ ಆರ್ಕ್‌ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಸ್ವಲ್ಪ ಕಡಿಮೆ. ಒಂದು ಡಿಗ್ರಿಯನ್ನು 3600 ಹೋಳು ಮಾಡಿದರೆ ಒಂದು ಹೋಳು ಒಂದು ಆರ್ಕ್‌ಸೆಕೆಂಡ್. ನಿಯರ್‌ಕ್ಯಾಮಿನ ಕಿರು ಅಲೆಯುದ್ದದ ಭಾಗದಲ್ಲಿ ಒಂದು ಪಿಕ್ಸೆಲ್ ಅಂದರೆ 0.031 ಆರ್ಕ್‌ಸೆಕೆಂಡ್. ಅಂದರೆ ಆ ನಕ್ಷತ್ರ ಪಿಕ್ಸೆಲ್‌ನ ಮೂವತ್ತನೇ ಒಂದು ಪಾಲು ಕೂಡ ಇಲ್ಲ. ನೀವು ಹೇಳಿದ್ದು ಸರಿ, ಅದು ಬಿಂದುವೇ.

ಆದರೆ ಬೆಳಕು ಅಲೆ. ಒಂದು ಮಿತಿ ಇರುವ ಕಿಂಡಿಯ ಮೂಲಕ ಹಾದ ಅಲೆ ಹರಡಿಯೇ ಹರಡುತ್ತದೆ. ಶಾಲೆಯಲ್ಲಿ ವಿವರ್ತನೆ ಅಂತ ಓದಿದೆವಲ್ಲ, ಅದೇ. ಇಲ್ಲಿ ಕಿಂಡಿ ಅಂದರೆ 6.5 ಮೀಟರ್ ಅಗಲದ ಕನ್ನಡಿ. ಕನ್ನಡಿ ಎಷ್ಟೇ ನುಣುಪಾಗಿದ್ದರೂ 2 ಮೈಕ್ರಾನ್ ಬೆಳಕಿನಲ್ಲಿ ಅದು ಕೊಡಬಲ್ಲ ಅತಿ ಸಣ್ಣ ಚುಕ್ಕೆಯ ಅಗಲ ಸುಮಾರು 0.065 ಆರ್ಕ್‌ಸೆಕೆಂಡ್, ಅಂದರೆ ಎರಡು ಪಿಕ್ಸೆಲ್. ಅಲೆಯುದ್ದ ದುಪ್ಪಟ್ಟಾದರೆ ಚುಕ್ಕೆಯೂ ದುಪ್ಪಟ್ಟು. 4.4 ಮೈಕ್ರಾನ್‌ನಲ್ಲಿ ನಿಮಗೆ ದಪ್ಪ ಕಂಡದ್ದು ಇದಕ್ಕೇ. ಹೋಲಿಸುವಾಗ ಪಿಕ್ಸೆಲ್ ಎಣಿಸಬೇಡಿ, ಆರ್ಕ್‌ಸೆಕೆಂಡಿನಲ್ಲಿ ಅಳೆಯಿರಿ, ಯಾಕಂದರೆ ನಿಯರ್‌ಕ್ಯಾಮಿನ ದೀರ್ಘ ಅಲೆಯುದ್ದದ ಭಾಗದಲ್ಲಿ ಪಿಕ್ಸೆಲ್ಲೇ ದೊಡ್ಡದು, 0.063. ಚುಕ್ಕೆ ಹೀಗೆ ಹರಡುವ ಮಾದರಿಗೆ ಪಾಯಿಂಟ್ ಸ್ಪ್ರೆಡ್ ಫಂಕ್ಷನ್ ಅನ್ನುತ್ತಾರೆ, ಎಲ್ಲರ ಬಾಯಲ್ಲೂ ಪಿಎಸ್‌ಎಫ್.

ಹೊಳೆಯುವ ನಕ್ಷತ್ರ ದೊಡ್ಡದಾಗಿ ಕಾಣುವುದು ಹೀಗೆ. ಪಿಎಸ್‌ಎಫ್ ಒಂದು ಗುಡ್ಡ ಅಂದುಕೊಳ್ಳಿ. ನಡುವೆ ಚೂಪಾದ ತುದಿ, ಸುತ್ತ ಬಹಳ ದೂರದವರೆಗೆ ಇಳಿಜಾರು. ಚಿತ್ರದ ಹಿನ್ನೆಲೆಯ ಗದ್ದಲ, ಅಂದರೆ ನಕ್ಷತ್ರ ಇಲ್ಲದ ಕಡೆಯೂ ಇರುವ ಸಣ್ಣ ಏರುಪೇರು, ಆ ಗುಡ್ಡದ ಸುತ್ತ ನಿಂತ ನೀರು. ಮಂಕು ನಕ್ಷತ್ರದ್ದು ಗಿಡ್ಡ ಗುಡ್ಡ, ತುದಿ ಮಾತ್ರ ನೀರಿನಿಂದ ಮೇಲೆ ಕಾಣುತ್ತದೆ. ಹೊಳೆಯುವ ನಕ್ಷತ್ರದ್ದು ಅದೇ ಆಕಾರದ, ಸಾವಿರ ಪಟ್ಟು ಎತ್ತರದ ಗುಡ್ಡ, ಹಾಗಾಗಿ ಇಳಿಜಾರೂ ಮುಳ್ಳುಗಳೂ ಎಲ್ಲಾ ಹೊರಗೆ ಬರುತ್ತವೆ. ಎರಡರ ತುದಿಯನ್ನೂ ಒಂದೇ ಎತ್ತರಕ್ಕೆ ತಂದು ಪಕ್ಕಪಕ್ಕ ಇಟ್ಟರೆ ಆಕಾರ ಒಂದೇ.

ಕನ್ನಡಿಗೂ ಚುಕ್ಕೆಗೂ ಇರುವ ನಂಟು ನನಗೆ ಮನಸ್ಸಿಗೆ ಇಳಿದದ್ದು 2022ರ ಫೆಬ್ರವರಿಯಲ್ಲಿ. ವೆಬ್ ಹಾರಿದ್ದು 2021ರ ಡಿಸೆಂಬರ್ 25ಕ್ಕೆ. ಕನ್ನಡಿಯ 18 ಚೂರುಗಳು ಇನ್ನೂ ಹೊಂದಿಕೊಂಡಿರಲಿಲ್ಲ. ಆಗ ಸಪ್ತರ್ಷಿ ಮಂಡಲದ ಕಡೆ ಇರುವ ಎಚ್‌ಡಿ 84406 ಅನ್ನುವ ಒಂಟಿ ನಕ್ಷತ್ರದತ್ತ ಟೆಲಿಸ್ಕೋಪನ್ನು ತಿರುಗಿಸಿದರು. ಚಿತ್ರದಲ್ಲಿ ಬಂದದ್ದು 18 ಚುಕ್ಕೆ. ಒಂದೇ ನಕ್ಷತ್ರ, 18 ಕನ್ನಡಿ, 18 ಬಿಂಬ. ಯಾವ ಚುಕ್ಕೆ ಯಾವ ಚೂರಿನದು ಅಂತ ಒಂದೊಂದನ್ನೇ ಅಲುಗಾಡಿಸಿ ಗುರುತು ಹಾಕಿದರು, ಆಮೇಲೆ ಎಲ್ಲವನ್ನೂ ಒಂದರ ಮೇಲೊಂದು ತಂದರು. ಚುಕ್ಕೆ ಒಂದೇ ಆಯಿತು, ಬೆಳಕೆಲ್ಲ ಕೂಡಿತು, ಆದರೆ ಚುಕ್ಕೆ ಸಣ್ಣದಾಗಲಿಲ್ಲ! ಒಂದೊಂದು ಚೂರಿನ ಅಗಲ ಸುಮಾರು 1.3 ಮೀಟರ್, ಹಾಗಾಗಿ ಚುಕ್ಕೆಯೂ 1.3 ಮೀಟರ್ ಕನ್ನಡಿಯ ಚುಕ್ಕೆಯಷ್ಟೇ ದಪ್ಪ. ಮುಂದೆ ಪ್ರತಿ ಚೂರನ್ನೂ ಹಿಂದೆ ಮುಂದೆ ನ್ಯಾನೋಮೀಟರ್ ಲೆಕ್ಕದಲ್ಲಿ ಸರಿಸಿ, ಎಲ್ಲಾ ಚೂರುಗಳಿಂದ ಬರುವ ಅಲೆಗಳ ಏರಿಳಿತ ಒಟ್ಟಿಗೆ ಬೀಳುವ ಹಾಗೆ ಮಾಡಿದ ಮೇಲಷ್ಟೇ ಅವು 6.5 ಮೀಟರಿನ ಒಂದೇ ಕನ್ನಡಿಯಾಗಿ ಕೆಲಸ ಮಾಡಿದವು. ಆಗ ಚುಕ್ಕೆ ಸುಮಾರು ಐದರಲ್ಲಿ ಒಂದು ಪಾಲಿಗೆ ಕುಗ್ಗಿತು. ಆ ಚಿತ್ರ ಮಾರ್ಚ್ 16ರಂದು ಹೊರಬಂತು. ನಡುವೆ ಒಂದು ನಕ್ಷತ್ರ, ಹಿಂದೆ ಪುಟ್ಟ ಪುಟ್ಟ ಗ್ಯಾಲಕ್ಸಿಗಳು. ಅದನ್ನು ನೋಡಿದ ದಿನ ನಾನು ಎಷ್ಟು ಹೊತ್ತು ಸ್ಕ್ರೀನ್ ಮುಂದೆ ಕೂತಿದ್ದೆನೋ ನೆನಪಿಲ್ಲ.

ಷಟ್ಕೋನ ಬರೆದದ್ದು:

ಮೇಲಿನ ಉತ್ತರದಲ್ಲಿ ಮುಳ್ಳುಗಳ ಕಥೆ ಬಿಟ್ಟುಹೋಗಿದೆ. ಗುಂಡಗಿನ ಕನ್ನಡಿ ಆಗಿದ್ದರೆ ಚುಕ್ಕೆಯ ಸುತ್ತ ಉಂಗುರಗಳು ಮಾತ್ರ ಇರುತ್ತಿದ್ದವು. ಅಂಚು ನೇರವಾಗಿದ್ದರೆ ಆ ಅಂಚಿಗೆ ಲಂಬವಾಗಿ, ಎರಡೂ ಕಡೆಗೆ ಬೆಳಕು ಚಾಚುತ್ತದೆ. ವೆಬ್ ಕನ್ನಡಿ ಆರು ಮೂಲೆಯದು, ಎದುರುಬದುರು ಅಂಚುಗಳು ಮೂರು ಜೊತೆ, ಆದ್ದರಿಂದ ಆರು ಮುಳ್ಳು. ಎದುರಿಗಿರುವ ಚಿಕ್ಕ ಕನ್ನಡಿಯನ್ನು ಹಿಡಿದಿರುವ ಮೂರು ಕೋಲುಗಳೂ ಮುಳ್ಳು ಮಾಡುತ್ತವೆ. ಅವುಗಳಲ್ಲಿ ಎರಡು ಕೋಲಿನ ಮುಳ್ಳುಗಳು ಕನ್ನಡಿಯ ಮುಳ್ಳುಗಳ ಮೇಲೇ ಬೀಳುವಂತೆ ಕೋನ ಲೆಕ್ಕ ಹಾಕಿ ಕಟ್ಟಿದ್ದಾರೆ. ಮೂರನೆಯದು ಲಂಬವಾಗಿ ನಿಂತಿದೆ, ಅದರಿಂದ ಅಡ್ಡಕ್ಕೆ ಎರಡು ಗಿಡ್ಡ ಮುಳ್ಳು ಉಳಿದುಕೊಳ್ಳುತ್ತವೆ. ಒಟ್ಟು ಎಂಟು. ಹಬಲ್ ಚಿತ್ರದಲ್ಲಿ ನಾಲ್ಕೇ ಇರುವುದು ಅದರ ಒಳಗಿನ ಅಡ್ಡಪಟ್ಟಿಗಳು ಕೂಡು ಗುರುತಿನ ಹಾಗೆ ಇರುವುದರಿಂದ. ಮುಳ್ಳು ಎಣಿಸಿದರೆ ಸಾಕು, ಯಾವ ಟೆಲಿಸ್ಕೋಪಿನ ಚಿತ್ರ ಅಂತ ಹೇಳಬಹುದು.

ಬಣ್ಣದ ಚಿತ್ರ ಸಿಕ್ಕರೆ ಮುಳ್ಳಿನ ಉದ್ದಕ್ಕೂ ಜೂಮ್ ಮಾಡಿ ನೋಡಿ. ಬಣ್ಣದ ಮಣಿ ಪೋಣಿಸಿದ ಹಾಗೆ ಕಾಣುತ್ತದೆ. ಒಂದೊಂದು ಅಲೆಯುದ್ದಕ್ಕೂ ಆ ಮಾದರಿ ಬೇರೆ ಬೇರೆ ಅಳತೆಗೆ ಹಿಗ್ಗುವುದರಿಂದ ಹಾಗಾಗುತ್ತದೆ.

ಪಾದರಸ_ಪಿಕ್ಸೆಲ್ ಬರೆದದ್ದು:

ಕಪ್ಪು ತೂತಿಗೆ ಬರುತ್ತೇನೆ. ಫೈಲು ಹಾಳಾಗಿಲ್ಲ, ಚಿಂತೆ ಬೇಡ.

ಮಾಮೂಲಿ ಕ್ಯಾಮೆರಾದ ಸಿಲಿಕಾನ್‌ಗೆ ಸುಮಾರು 1.1 ಮೈಕ್ರಾನ್ ದಾಟಿದ ಬೆಳಕು ಕಾಣುವುದಿಲ್ಲ, ಆ ಬೆಳಕಿಗೆ ಅದು ಗಾಜಿನ ಹಾಗೆ. ಅದಕ್ಕೇ ನಿಯರ್‌ಕ್ಯಾಮಿನಲ್ಲಿ ಪಾದರಸ, ಕ್ಯಾಡ್ಮಿಯಂ, ಟೆಲ್ಯೂರಿಯಂ ಸೇರಿಸಿ ಬೆಳೆಸಿದ ಪದರ ಬಳಸಿದ್ದಾರೆ. ಅಂಥ ಚಿಪ್ಪುಗಳು ಹತ್ತು ಇವೆ, ಒಂದೊಂದರಲ್ಲಿ 2048 ಅಡ್ಡ, 2048 ಉದ್ದ ಪಿಕ್ಸೆಲ್. ಬೆಳಕು ಹಿಡಿಯುವ ಪದರ ಮೇಲೆ, ಲೆಕ್ಕ ಓದುವ ಸಿಲಿಕಾನ್ ಸರ್ಕ್ಯೂಟ್ ಕೆಳಗೆ, ನಡುವೆ ಪ್ರತಿ ಪಿಕ್ಸೆಲ್‌ಗೂ ಇಂಡಿಯಂ ಲೋಹದ ಒಂದು ಪುಟ್ಟ ಉಬ್ಬು. ಇಷ್ಟನ್ನೂ ಸುಮಾರು 40 ಕೆಲ್ವಿನ್‌ಗೆ, ಅಂದರೆ ಸೊನ್ನೆಯಿಂದ 233 ಡಿಗ್ರಿ ಸೆಲ್ಸಿಯಸ್ ಕೆಳಗೆ, ತಣ್ಣಗಿಟ್ಟಿರುತ್ತಾರೆ. ಇಲ್ಲದಿದ್ದರೆ ಚಿಪ್ಪಿನ ಸ್ವಂತ ಶಾಖವೇ ಎಲೆಕ್ಟ್ರಾನುಗಳನ್ನು ಎಬ್ಬಿಸಿ ನಕ್ಷತ್ರವನ್ನು ಮುಳುಗಿಸುತ್ತದೆ. ಇನ್ನೂ ಉದ್ದ ಅಲೆ ನೋಡುವ ಮಿರಿ ಉಪಕರಣಕ್ಕೆ ಇಷ್ಟು ಚಳಿಯೂ ಸಾಲದು. ಹೀಲಿಯಂ ಬಳಸುವ ಕೂಲರ್ ಇಟ್ಟು ಅದನ್ನು 7 ಕೆಲ್ವಿನ್‌ಗಿಂತ ಕೆಳಗೆ ಇಳಿಸಿದ್ದಾರೆ.

ಈ ಚಿಪ್ಪಿನ ದೊಡ್ಡ ಗುಣ ಒಂದಿದೆ. ಸಿಸಿಡಿ ಅನ್ನುವ ಇನ್ನೊಂದು ಬಗೆಯ ಕ್ಯಾಮೆರಾ ಚಿಪ್ಪಿನಲ್ಲಿ ಪಿಕ್ಸೆಲ್ ಓದಿದರೆ ಅದರಲ್ಲಿದ್ದ ಎಲೆಕ್ಟ್ರಾನುಗಳು ಖಾಲಿಯಾಗುತ್ತವೆ. ಇಲ್ಲಿ ಹಾಗಲ್ಲ, ಕೂಡಿದ ಲೆಕ್ಕವನ್ನು ಚೆಲ್ಲದೇ ಮತ್ತೆ ಮತ್ತೆ ಓದಬಹುದು. ಪೂರ್ತಿ ಚಿಪ್ಪನ್ನು ಒಂದು ಸಲ ಓದಲು ಸುಮಾರು 10.7 ಸೆಕೆಂಡ್. ಹೀಗೆ ಒಂದೇ ಎಕ್ಸ್‌ಪೋಶರ್‌ನಲ್ಲಿ ಹಲವು ಸಲ ಓದುತ್ತಾರೆ, ಪ್ರತಿ ಪಿಕ್ಸೆಲ್‌ನ ಲೆಕ್ಕ ಮೆಟ್ಟಿಲಿನ ಹಾಗೆ ಏರುತ್ತಾ ಹೋಗುತ್ತದೆ. ಆ ಏರಿಕೆಯ ವೇಗವೇ ನಿಮ್ಮ ಫೈಲಿನಲ್ಲಿರುವ ಬೆಳಕಿನ ಸಂಖ್ಯೆ. ನಡುವೆ ಒಂದು ಕಾಸ್ಮಿಕ್ ಕಿರಣ ಬಡಿದರೆ ಏರಿಕೆಯಲ್ಲಿ ಥಟ್ಟನೆ ಒಂದು ಜಿಗಿತ ಕಾಣುತ್ತದೆ. ಆ ಜಿಗಿತವನ್ನು ಬಿಟ್ಟು ಅದರ ಹಿಂದಿನ, ಮುಂದಿನ ಏರಿಕೆಯನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಇದು ಬಹಳ ಚೆಂದದ ಉಪಾಯ ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಈಗ ತೂತು. ಒಂದು ಪಿಕ್ಸೆಲ್ ಹತ್ತಿರ ಹತ್ತಿರ 1 ಲಕ್ಷ ಎಲೆಕ್ಟ್ರಾನ್ ಹಿಡಿಯಬಲ್ಲದು. ಹೊಳೆಯುವ ನಕ್ಷತ್ರದ ನಡುವಿನ ಪಿಕ್ಸೆಲ್ ಮೊದಲ ಸಲ ಓದುವ ಹೊತ್ತಿಗೇ ತುಂಬಿರುತ್ತದೆ. ಏರಿಕೆ ನೋಡಲು ಎರಡನೇ ಲೆಕ್ಕವೇ ಇಲ್ಲ. ಸುಳ್ಳು ಸಂಖ್ಯೆ ಕೊಡುವ ಬದಲು ಸಾಫ್ಟ್‌ವೇರ್ ಅಲ್ಲಿ ಏನೂ ಇಲ್ಲ ಅಂತ ಗುರುತು ಹಾಕುತ್ತದೆ. ನಿಮ್ಮ ಫೈಲು ನೋಡುವ ಪ್ರೋಗ್ರಾಂ ಅದನ್ನು ಕಪ್ಪಾಗಿ ತೋರಿಸುತ್ತದೆ. ಪ್ರಕಟವಾಗುವ ಬಣ್ಣದ ಚಿತ್ರಗಳಲ್ಲಿ ಆ ಜಾಗವನ್ನು ಬಿಳಿ ತುಂಬಿ ಸರಿಮಾಡಿರುತ್ತಾರೆ, ಅದಕ್ಕೇ ಅಲ್ಲಿ ಕಾಣುವುದಿಲ್ಲ. ಹೊಳೆಯುವ ನಕ್ಷತ್ರವನ್ನೇ ಅಳೆಯಬೇಕು ಅಂದರೆ ಚಿಪ್ಪಿನ ಒಂದು ಪುಟ್ಟ ಚೌಕವನ್ನಷ್ಟೇ ಓದುತ್ತಾರೆ, ಅದು ಸೆಕೆಂಡಿನ ಸಣ್ಣ ಭಾಗದಲ್ಲಿ ಮುಗಿಯುತ್ತದೆ, ಪಿಕ್ಸೆಲ್ ತುಂಬುವುದರೊಳಗೆ ಹಲವು ಲೆಕ್ಕ ಸಿಗುತ್ತವೆ.

ಚುಕ್ಕಿಬೆಳಕು ಬರೆದದ್ದು:

ಎಲ್ಲರಿಗೂ ತುಂಬಾ ಧನ್ಯವಾದ. ಗುಡ್ಡ ಮತ್ತು ನೀರಿನ ಹೋಲಿಕೆ ಓದಿ ಎರಡು ನಕ್ಷತ್ರ ತೆಗೆದುಕೊಂಡು ತುದಿ ಸಮ ಮಾಡಿ ನೋಡಿದೆ. ಹೌದು, ಒಂದರ ಮೇಲೊಂದು ಕೂತವು!

ಒಂದು ಅನುಮಾನ ಉಳಿದಿದೆ. 2 ಮೈಕ್ರಾನ್‌ನಲ್ಲಿ ಚುಕ್ಕೆ ಎರಡು ಪಿಕ್ಸೆಲ್ ಅಗಲ ಅಂದಿರಿ. ಹಾಗಾದರೆ 0.9 ಮೈಕ್ರಾನ್‌ನಲ್ಲಿ ಒಂದೇ ಪಿಕ್ಸೆಲ್‌ಗೆ ಬರುತ್ತದೆ. ಅದು ಒಳ್ಳೆಯದೇ ಅಲ್ವಾ? ಬೆಳಕೆಲ್ಲ ಒಂದೇ ಕಡೆ, ಚಿತ್ರ ಇನ್ನೂ ಚೂಪು.

ಹಳೇಸ್ಪಿಟ್ಜರ್ ಬರೆದದ್ದು:

ಕೇಳಲು ಒಳ್ಳೆಯದು ಅನಿಸುತ್ತದೆ, ಆದರೆ ಅಳೆಯುವವರಿಗೆ ಅದೇ ಕಷ್ಟ. ಚುಕ್ಕೆ ಪೂರ್ತಿ ಒಂದೇ ಪಿಕ್ಸೆಲ್‌ನಲ್ಲಿ ಬಿದ್ದರೆ ಅದು ಆ ಪಿಕ್ಸೆಲ್‌ನ ಎಡಕ್ಕಿದೆಯಾ ಬಲಕ್ಕಿದೆಯಾ ಅಂತ ಹೇಳಲು ಯಾವ ಸುಳಿವೂ ಇಲ್ಲ. ಎರಡು ಮೂರು ಪಿಕ್ಸೆಲ್‌ಗೆ ಹರಡಿದರೆ ಯಾವುದಕ್ಕೆ ಎಷ್ಟು ಪಾಲು ಬಂತು ಅಂತ ನೋಡಿ ನಕ್ಷತ್ರದ ಜಾಗವನ್ನು ಪಿಕ್ಸೆಲ್‌ನ ನೂರನೇ ಒಂದು ಭಾಗದವರೆಗೂ ಹೇಳಬಹುದು. ಹರಡುವುದರಲ್ಲೇ ಮಾಹಿತಿ ಇದೆ.

ಇದನ್ನು ನಾನು ಕಲಿತದ್ದು ಸ್ಪಿಟ್ಜರ್ ಟೆಲಿಸ್ಕೋಪಿನ ಹಳೆಯ ಫೈಲುಗಳಿಂದ. ಅದರ ಕನ್ನಡಿ ಬರೀ 85 ಸೆಂಟಿಮೀಟರ್. ಐರಾಕ್ ಕ್ಯಾಮೆರಾದ ಪಿಕ್ಸೆಲ್ 1.2 ಆರ್ಕ್‌ಸೆಕೆಂಡ್, 256 ಅಡ್ಡ, 256 ಉದ್ದ. 3.6 ಮೈಕ್ರಾನ್‌ನಲ್ಲಿ ಚುಕ್ಕೆ ಪಿಕ್ಸೆಲ್‌ಗಿಂತ ಸ್ವಲ್ಪವೇ ದೊಡ್ಡದು. ಓದುವ ದಿನಗಳಲ್ಲಿ ಒಂದು ನಕ್ಷತ್ರದ ಬೆಳಕನ್ನು ಗಂಟೆಗಟ್ಟಲೆ ಅಳೆದ ಸರಣಿಯೊಂದನ್ನು ಇಳಿಸಿಕೊಂಡು ಗ್ರಾಫ್ ಹಾಕಿದೆ. ಬೆಳಕು ಹೆಚ್ಚುಕಡಿಮೆ ಗಂಟೆಗೊಮ್ಮೆ ಮೇಲೆ ಕೆಳಗೆ ಆಡುತ್ತಿತ್ತು. ಎಷ್ಟು ನಯವಾದ ಅಲೆ ಅಂದರೆ ನಕ್ಷತ್ರವೇ ಮಿಡಿಯುತ್ತಿದೆ ಅಂತ ನಂಬಿದೆ, ಎರಡು ವಾರ ಅದರ ಹಿಂದೆಯೇ ಇದ್ದೆ. ಆಮೇಲೆ ಸುಮ್ನೆ ನಕ್ಷತ್ರದ ಜಾಗದ ಗ್ರಾಫನ್ನು ಪಕ್ಕದಲ್ಲಿ ಹಾಕಿ ನೋಡಿದರೆ ಅದೇ ತಾಳ. ನೌಕೆಯಲ್ಲಿ ಬ್ಯಾಟರಿ ಬೆಚ್ಚಗಿಡುವ ಹೀಟರ್ ಹೊತ್ತಿ ಆರುವಾಗ ಟೆಲಿಸ್ಕೋಪ್ ಒಂದಿಷ್ಟೇ ಇಷ್ಟು ಓಲಾಡುತ್ತಿತ್ತು. ನಕ್ಷತ್ರ ಪಿಕ್ಸೆಲ್‌ನ ನಡುವಿನಿಂದ ಅಂಚಿಗೆ ಸರಿದು ಬರುತ್ತಿತ್ತು. ಒಂದು ಪಿಕ್ಸೆಲ್ ತನ್ನ ಮೈಯಲ್ಲೆಲ್ಲ ಬೆಳಕನ್ನು ಒಂದೇ ಸಮ ಹಿಡಿಯುವುದಿಲ್ಲ, ನಡುವೆ ಜಾಸ್ತಿ, ಅಂಚಿನಲ್ಲಿ ಕಡಿಮೆ. ನಕ್ಷತ್ರ ಬದಲಾಗಿರಲಿಲ್ಲ, ಬಿದ್ದ ಜಾಗ ಬದಲಾಗಿತ್ತು. ಬೇಜಾರಾಯಿತು, ನಿಜ. ಆದರೆ ಪಿಕ್ಸೆಲ್ ಒಳಗೂ ಒಂದು ಭೂಪಟ ಇರುತ್ತದೆ ಅಂತ ಅವತ್ತು ಗೊತ್ತಾಯಿತು.

ಆ ಭೂಪಟ ಎಷ್ಟು ಮುಖ್ಯ ಅಂದರೆ, ಟ್ರಾಪಿಸ್ಟ್-1 ನಕ್ಷತ್ರವನ್ನು 2016ರಲ್ಲಿ ಸ್ಪಿಟ್ಜರ್ ಸುಮಾರು 20 ದಿನ ನೋಡಿತು. ಅದರ ಗ್ರಹವೊಂದು ನಕ್ಷತ್ರದ ಮುಂದೆ ಹಾದಾಗ ಕಡಿಮೆಯಾಗುವ ಬೆಳಕು ಶೇ 1ಕ್ಕಿಂತಲೂ ಕಡಿಮೆ. ಪಿಕ್ಸೆಲ್ ಒಳಗಿನ ಏರುಪೇರು ಅದನ್ನು ನುಂಗಿಬಿಡುವಷ್ಟು ದೊಡ್ಡದು. ಅದಕ್ಕೇ ಪಿಕ್ಸೆಲ್‌ನಲ್ಲಿ ಅತ್ಯಂತ ಸಮತಟ್ಟಾದ ಜಾಗ ಯಾವುದು ಅಂತ ಮೊದಲೇ ಅಳೆದಿಟ್ಟುಕೊಂಡು, ನಕ್ಷತ್ರವನ್ನು ಅಲ್ಲೇ ಕೂರಿಸುತ್ತಿದ್ದರು. ಏಳು ಗ್ರಹಗಳ ಸುದ್ದಿ 2017ರ ಫೆಬ್ರವರಿಯಲ್ಲಿ ಬಂದಾಗ ಎಲ್ಲರೂ ಗ್ರಹಗಳ ಬಗ್ಗೆ ಮಾತಾಡಿದರು, ನನಗೆ ಆ ಪಿಕ್ಸೆಲ್ ನೆನಪಾಯಿತು.

ಕಿರು ಅಲೆಯುದ್ದದಲ್ಲಿ ಚಿತ್ರ ಬೇಕಾದಾಗ ಬಳಸುವ ದಾರಿ ಬೇರೆ. ಟೆಲಿಸ್ಕೋಪನ್ನು ಪ್ರತಿ ಎಕ್ಸ್‌ಪೋಶರ್‌ಗೂ ಒಂದಿಷ್ಟು ಪಿಕ್ಸೆಲ್ ಜೊತೆಗೆ ಅರ್ಧ ಪಿಕ್ಸೆಲ್, ಕಾಲು ಪಿಕ್ಸೆಲ್ ಪಕ್ಕಕ್ಕೆ ಸರಿಸುತ್ತಾರೆ, ಇದಕ್ಕೆ ಡಿದರಿಂಗ್ ಅಂತ ಹೆಸರು. ಒಂದೇ ನಕ್ಷತ್ರ ಒಂದೊಂದು ಸಲ ಪಿಕ್ಸೆಲ್‌ನ ಒಂದೊಂದು ಜಾಗಕ್ಕೆ ಬೀಳುತ್ತದೆ. ಎಲ್ಲವನ್ನೂ ಸಣ್ಣ ಕಣ್ಣಿನ ಬಲೆಯ ಮೇಲೆ ಹನಿಸಿ ಕೂಡಿಸಿದರೆ ಕಳೆದುಹೋದ ವಿವರ ಬಹಳಷ್ಟು ಮರಳಿ ಬರುತ್ತದೆ. ಡ್ರಿಜಲ್ ಅನ್ನುವ ಈ ವಿಧಾನ ಹುಟ್ಟಿದ್ದು 1995ರ ಹಬಲ್ ಡೀಪ್ ಫೀಲ್ಡ್ ಚಿತ್ರಕ್ಕಾಗಿ. ಕೆಟ್ಟ ಪಿಕ್ಸೆಲ್‌ಗಳೂ ಇದರಿಂದಲೇ ಸಿಕ್ಕಿಬೀಳುತ್ತವೆ. ನಕ್ಷತ್ರ ಆಕಾಶದ ಜೊತೆ ಸರಿಯುತ್ತದೆ, ಕೆಟ್ಟ ಪಿಕ್ಸೆಲ್ ಇದ್ದಲ್ಲೇ ಇರುತ್ತದೆ.

ಷಟ್ಕೋನ ಬರೆದದ್ದು:

ಹರಡುವುದರಲ್ಲೇ ಮಾಹಿತಿ ಇದೆ ಅನ್ನುವ ಮಾತು ನನಗೆ ಬಹಳ ಹಿಡಿಸಿತು. ಅದಕ್ಕೊಂದು ಉದಾಹರಣೆ ನಿಯರ್‌ಕ್ಯಾಮಿನಲ್ಲೇ ಇದೆ. ಬೇಕಂತಲೇ ಫೋಕಸ್ ಕೆಡಿಸುವ ದುರ್ಬಲ ಮಸೂರಗಳನ್ನು ಅದರಲ್ಲಿ ಇಟ್ಟಿದ್ದಾರೆ, ಕನ್ನಡಿ ಹೊಂದಿಸುವ ಕೆಲಸಕ್ಕೆ. ಅದನ್ನು ಅಡ್ಡ ತಂದರೆ ನಕ್ಷತ್ರ ನೂರಕ್ಕೂ ಹೆಚ್ಚು ಪಿಕ್ಸೆಲ್ ಅಗಲಕ್ಕೆ ಹರಡುತ್ತದೆ. ಆ ಮಸುಕಿನಲ್ಲಿ ಕಾಣುವುದೇನು ಗೊತ್ತಾ? ಜೇನುಗೂಡಿನ ಹಾಗೆ ಆರು ಮೂಲೆಯ ಕನ್ನಡಿಯ ಚಹರೆ, ಕೋಲುಗಳ ನೆರಳು ಸಮೇತ. ಯಾವ ಚೂರು ಎಷ್ಟು ತಪ್ಪಿದೆ ಅಂತ ಅದರಿಂದಲೇ ಲೆಕ್ಕ ತೆಗೆಯುತ್ತಾರೆ. 2022ರ ಮೇ ತಿಂಗಳಲ್ಲಿ ಒಂದು ಪುಟ್ಟ ಉಲ್ಕಾಕಣ ಸಿ3 ಅನ್ನುವ ಚೂರಿಗೆ ಬಡಿದಾಗ ಕನ್ನಡಿಯ ಆಕಾರದಲ್ಲಿ ಆದ ಬದಲಾವಣೆಯೂ ಇಂಥ ಅಳತೆಯಲ್ಲೇ ಕಂಡದ್ದು. ಆದ್ದರಿಂದ ಪಿಎಸ್‌ಎಫ್ ಅನ್ನು ಒಮ್ಮೆ ಅಳೆದು ಇಟ್ಟುಕೊಂಡರೆ ಸಾಲದು. ಅದು ದಿನ ಕಳೆದಂತೆ ಸ್ವಲ್ಪ ಬದಲಾಗುತ್ತದೆ, ಚಿತ್ರದ ಮೂಲೆಗೂ ನಡುವಿಗೂ ಒಂದೇ ಇರುವುದಿಲ್ಲ.

ಚುಕ್ಕಿಬೆಳಕು ಬರೆದದ್ದು:

ಹಾಗಾದರೆ ಒಂದು ಚುಕ್ಕೆ ನಿಜಕ್ಕೂ ಬಿಂದುವೋ, ತೀರಾ ಸಣ್ಣ ಗ್ಯಾಲಕ್ಸಿಯೋ ಅಂತ ಹೇಗೆ ಗೊತ್ತು ಮಾಡುತ್ತಾರೆ? ನನ್ನ ಫೈಲಿನಲ್ಲಿ ಅಂಥ ಒಂದೆರಡು ಚುಕ್ಕೆ ಇವೆ, ಕಣ್ಣಿಗೆ ನಕ್ಷತ್ರದ ಹಾಗೇ ಕಾಣುತ್ತವೆ.

ಇರುಳುನೋಟ ಬರೆದದ್ದು:

ಇದು ಇವತ್ತಿನ ಖಗೋಳ ವಿಜ್ಞಾನದ ನಡುವಿನ ಪ್ರಶ್ನೆ. ವೆಬ್ ಕೆಲಸ ಶುರು ಮಾಡಿದ ಮೇಲೆ ಬಹಳ ಹಿಂದಿನ ವಿಶ್ವದಲ್ಲಿ ಪುಟ್ಟ ಕೆಂಪು ಚುಕ್ಕೆಗಳು ಗುಂಪುಗುಂಪಾಗಿ ಸಿಕ್ಕಿವೆ. ಅವು ಕಪ್ಪು ಕುಳಿಗಳಾ, ಒತ್ತಾಗಿ ಸೇರಿದ ನಕ್ಷತ್ರಗಳಾ ಅಂತ ವಾದ ನಡೆಯುತ್ತಿದೆ. ಮೊದಲ ಪರೀಕ್ಷೆಯೇ ಇದು, ಚುಕ್ಕೆ ಪಿಎಸ್‌ಎಫ್‌ಗಿಂತ ಅಗಲವಾಗಿದೆಯೇ? ಏಬೆಲ್ 2744 ಗ್ಯಾಲಕ್ಸಿ ಗುಚ್ಛದ ಹಿಂದೆ ಅಂಥದೊಂದು ಚುಕ್ಕೆ ಇದೆ. ಗುಚ್ಛದ ಗುರುತ್ವ ಭೂತಗನ್ನಡಿಯ ಹಾಗೆ ಅದನ್ನು ಹಿಗ್ಗಿಸಿ ಮೂರು ಬಿಂಬ ಮಾಡಿದೆ. ಅಷ್ಟು ಹಿಗ್ಗಿದ ಮೇಲೂ ಅದು ಬಿಂದುವಾಗಿಯೇ ಉಳಿದಿದೆ. ಅಂದರೆ ನಿಜವಾದ ಅಳತೆ ಅದೆಷ್ಟು ಚಿಕ್ಕದಿರಬೇಕು ಯೋಚಿಸಿ.

ನೀವೂ ಮಾಡಿ ನೋಡಬಹುದು. ಅದೇ ಚಿತ್ರದಲ್ಲಿ, ಆ ಚುಕ್ಕೆಗೆ ಆದಷ್ಟು ಹತ್ತಿರ, ತೂತು ಬೀಳದ ನಾಲ್ಕಾರು ಒಂಟಿ ನಕ್ಷತ್ರ ಆರಿಸಿ. ಅವುಗಳ ತುದಿ ಸಮ ಮಾಡಿ ಸರಾಸರಿ ತೆಗೆದರೆ ನಿಮ್ಮದೇ ಪಿಎಸ್‌ಎಫ್ ಸಿಕ್ಕಿತು. ಟೆಲಿಸ್ಕೋಪಿನ ಮಾದರಿಯಿಂದ ಪಿಎಸ್‌ಎಫ್ ಲೆಕ್ಕ ಹಾಕುವ ವೆಬ್‌ಪಿಎಸ್‌ಎಫ್ ಅನ್ನುವ ಉಚಿತ ಪ್ರೋಗ್ರಾಂ ಕೂಡ ಇದೆ, ಈಗ ಅದರ ಹೆಸರು ಎಸ್‌ಟಿಪಿಎಸ್‌ಎಫ್. ಆದರೆ ಮೊದಲ ಸಲ ಕೈಯಾರೆ ಮಾಡುವುದೇ ಒಳ್ಳೆಯದು. ಅದನ್ನು ನಿಮ್ಮ ಚುಕ್ಕೆಯ ಎತ್ತರಕ್ಕೆ ತಂದು ಕಳೆಯಿರಿ. ಏನೂ ಉಳಿಯದೆ ಬರೀ ಗದ್ದಲ ಉಳಿದರೆ ಅದು ಬಿಂದು. ನಡುವೆ ಕುಳಿ ಬಿದ್ದು ಸುತ್ತ ಒಂದು ಮಂಕಾದ ಉಂಗುರ ಉಳಿದರೆ ಅದಕ್ಕೆ ಸ್ವಂತ ಅಗಲ ಇದೆ. ಕಳೆದ ಮೇಲೆ ಉಳಿದ ಚಿತ್ರವನ್ನು ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.